ಹೆಡ್‌ನೊಳಗೆ ಮುರಿದು ಕುಳಿತ ಎರಡು ಸ್ಟಡ್: ಮನೆಯಲ್ಲೇ ತೆಗೆಯಬಹುದೇ?

ಮುರುಕು ಬೋಲ್ಟು, ಕುವೆಂಪುನಗರ, ಮೈಸೂರು
ಭಾನುವಾರ, ರಾತ್ರಿ 9:40

ನಮ್ಮ ಮನೆಯಲ್ಲಿ 2006ರ ಮಾರುತಿ 800 ಇದೆ. ತಂದೆ ಕೊಂಡ ಕಾರು, ಮಾರುವ ಮಾತೇ ಇಲ್ಲ. ಒಂದು ತಿಂಗಳಿನಿಂದ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಟಿಕ್ ಟಿಕ್ ಸದ್ದು, ಬಿಸಿಯಾದ ಮೇಲೆ ಮಾಯ. ಹೊಗೆ ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಂಜಿನ್ನಿನ ಮೇಲ್ಭಾಗವಾದ ಹೆಡ್‌ಗೆ ಸೇರುವ ಕಡೆ ಮಸಿ ಹಿಡಿದಿತ್ತು. ಎರಡರ ನಡುವಿನ ಗ್ಯಾಸ್ಕೆಟ್ ಸೋರುತ್ತಿದೆ, ಅದನ್ನು ಬದಲಿಸಲು ಎಷ್ಟು ಹೊತ್ತು ಬೇಕು ಎಂದು ಇವತ್ತು ಬೆಳಗ್ಗೆ ನಾನೇ ಕುಳಿತೆ.

ಮೊದಲ ಎರಡು ನಟ್ಟುಗಳು ಕಿರ್ರ್ ಎಂದು ಕೂಗಿ ಬಿಟ್ಟವು. ಮೂರನೆಯದು ಸದ್ದೇ ಮಾಡಲಿಲ್ಲ. ಪಾಕಕ್ಕೆ ಬಂದ ಬೆಲ್ಲದಲ್ಲಿ ಸೌಟು ತಿರುಗುವ ಹಾಗೆ ಮೆತ್ತಗೆ ತಿರುಗಿತು. ಸಡಿಲವಾಯಿತು ಎಂದು ಖುಷಿಪಟ್ಟೆ. ಟಕ್. ನೋಡಿದರೆ ಸಾಕೆಟ್ಟಿನೊಳಗೆ ನಟ್ಟು, ನಟ್ಟಿನೊಳಗೆ ಸ್ಟಡ್ಡಿನ (ಎರಡೂ ತುದಿಯಲ್ಲಿ ತಿರುಪು ಇರುವ ಬೋಲ್ಟಿನ) ಅರ್ಧ. ಇಷ್ಟಾದರೂ ಬುದ್ಧಿ ಬರಲಿಲ್ಲ. ಕೋಪದಲ್ಲಿ ಇನ್ನೊಂದಕ್ಕೆ ಸ್ಪ್ಯಾನರ್ ಹಿಡಿಗೆ ಪೈಪು ತೊಡಿಸಿ ಎಳೆದೆ. ಅದೂ ಹೋಯಿತು.

ಈಗ ಸ್ಥಿತಿ ಹೀಗಿದೆ: ಒಂದು ತುಂಡು ಹೆಡ್‌ನಿಂದ ಸುಮಾರು 6 ಮಿ.ಮೀ. ಹೊರಗಿದೆ. ಇನ್ನೊಂದು ಹೆಡ್ಡಿನ ಮೈಗೆ ಸಮವಾಗಿ, ಉಗುರು ಆಡಿಸಿದರೆ ಕೂದಲೆಳೆಯಷ್ಟು ಒಳಗೇ ಇದೆ. ಸ್ಟಡ್ 8 ಮಿ.ಮೀ., ನಟ್ಟಿಗೆ 12ರ ಸ್ಪ್ಯಾನರ್. ಹೆಡ್ ಅಲ್ಯೂಮಿನಿಯಂ. ನನ್ನ ಬಳಿ ಕೈ ಡ್ರಿಲ್, ಸೆಂಟರ್ ಪಂಚ್, ವರ್ನಿಯರ್ ಇವೆ. ಆಯುಧ ಪೂಜೆಗೆ ಹದಿಮೂರು ದಿನ. ಅಷ್ಟರೊಳಗೆ ಕಾರು ನಿಂಬೆಹಣ್ಣಿನ ಮೇಲೆ ಹತ್ತದಿದ್ದರೆ ಮನೆಯಲ್ಲಿ ನನಗೆ ಉಳಿಗಾಲವಿಲ್ಲ.

ನಂಜನಗೂಡು ರಸ್ತೆ
ಭಾನುವಾರ, ರಾತ್ರಿ 9:58

ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ. ಮುಗಿಯಿತು.

ಹತ್ತರ ಸ್ಪ್ಯಾನರ್, ವಿಜಯನಗರ
ಭಾನುವಾರ, ರಾತ್ರಿ 10:05

ಅಷ್ಟು ಹೆದರುವುದೇಕೆ? ಹಾರ್ಡ್‌ವೇರ್ ಅಂಗಡಿಯಲ್ಲಿ ಮುರಿದ ಬೋಲ್ಟು ತೆಗೆಯುವ ಈಜಿ ಔಟ್ ಸೆಟ್ ಸಿಗುತ್ತದೆ. ನಡುವೆ ತೂತು ಕೊರೆಯಿರಿ, ಅದನ್ನು ಎಡಕ್ಕೆ ತಿರುಗಿಸಿ ಕಚ್ಚಿಸಿ, ತುಂಡು ಹೊರಗೆ ಬರುತ್ತದೆ. ಹತ್ತು ನಿಮಿಷದ ಕೆಲಸ.

ಯಾದವಗಿರಿ ಹಳಬ
ಭಾನುವಾರ, ರಾತ್ರಿ 10:31

ಇವತ್ತು ಇನ್ನೇನೂ ಮಾಡಬೇಡಿ. ಕೈ ತೊಳೆದು ಊಟ ಮಾಡಿ ಮಲಗಿ. ಮುರಿದ ಬೋಲ್ಟು ಎಲ್ಲಿಗೂ ಓಡಿ ಹೋಗುವುದಿಲ್ಲ. ಹೆಡ್ ಹಾಳಾಗುವುದು ಬೋಲ್ಟು ಮುರಿದಾಗ ಅಲ್ಲ, ಮುರಿದ ನಂತರದ ಅರ್ಧ ಗಂಟೆಯಲ್ಲಿ. ನೀವು ಎರಡನೆಯದನ್ನು ಮುರಿದದ್ದೂ ಆ ಅರ್ಧ ಗಂಟೆಯಲ್ಲೇ.

ನಾನು ಇಲ್ಲಿನ ಜಾವಾ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು. 1961ರಲ್ಲಿ ಬೈಕು ಹೊರಬರಲು ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಕಾರ್ಖಾನೆ. ನಾನು ಸೇರಿದ್ದು ಅದರ ಕೊನೆಯ ವರ್ಷಗಳಲ್ಲಿ. ಅಲ್ಲಿ ನಮ್ಮ ಹಿರಿಯರೊಬ್ಬರು ಹೇಳಿಕೊಟ್ಟದ್ದು ಕಿವಿಯ ಪಾಠ. ಕಿರ್ರ್ ಎಂದರೆ ಬೋಲ್ಟು ಬರುತ್ತಿದೆ ಎಂದು. ಸದ್ದಿಲ್ಲದೆ ಮೆತ್ತಗೆ ತಿರುಗಿದರೆ ಅದು ತಿರುಗುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ಆ ಕ್ಷಣ ಕೈ ನಿಲ್ಲಿಸಿ, ಕಾಲು ಸುತ್ತು ಮತ್ತೆ ಬಿಗಿ ಮಾಡಿ, ಎಣ್ಣೆ ಬಿಟ್ಟು, ಹಿಂದೆ ಮುಂದೆ ಆಡಿಸಬೇಕು. ಉಳಿದಿರುವ ನಟ್ಟುಗಳಿಗಾದರೂ ಇದನ್ನು ಅನ್ವಯಿಸಿ.

ನಾಳೆ ಬೆಳಗ್ಗೆ ತಂತಿ ಬ್ರಷ್‌ನಿಂದ ತುಕ್ಕು ತೆಗೆದು ನುಸುಳುವ ಎಣ್ಣೆ ಬಿಡಿ. ಬೆಳಗ್ಗೆ ಎರಡು ಹನಿ, ರಾತ್ರಿ ಎರಡು ಹನಿ. ಪ್ರತಿ ಸಲವೂ ಸ್ಟಡ್ಡಿನ ತಲೆಗೆ ಸಣ್ಣ ಸುತ್ತಿಗೆಯಿಂದ ನಾಲ್ಕು ಬಾರಿ ತಟ್ಟಿ. ಹೊಡೆಯುವುದಲ್ಲ, ತಟ್ಟುವುದು. ಆ ಕಂಪನಕ್ಕೆ ತುಕ್ಕಿನ ಪದರ ಬಿರುಕು ಬಿಟ್ಟು ಎಣ್ಣೆ ಒಳಗೆ ಇಳಿಯುತ್ತದೆ. ಎಲ್ಲರೂ ಕೈಗೆತ್ತಿಕೊಳ್ಳುವ ಡಬ್ಲ್ಯೂಡಿ-40 ಮೂಲತಃ ನೀರು ಓಡಿಸಲು ಮಾಡಿದ ವಸ್ತು, ಅದರ ಹೆಸರೇ (ವಾಟರ್ ಡಿಸ್‌ಪ್ಲೇಸ್‌ಮೆಂಟ್) ಅದನ್ನು ಹೇಳುತ್ತದೆ. ಇಲ್ಲದಿದ್ದಾಗ ಪರವಾಗಿಲ್ಲ, ಅಷ್ಟೇ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ ಮತ್ತು ಅಸಿಟೋನ್ ಸಮಪಾಲು ಬೆರೆಸಿದರೆ ಚೆನ್ನಾಗಿ ಇಳಿಯುತ್ತದೆ. ಆದರೆ ಅದು ಬೆಂಕಿಗೆ ತಟ್ಟನೆ ಹತ್ತಿಕೊಳ್ಳುವ ಮಿಶ್ರಣ. ಅದನ್ನು ಹಾಕಿದ ದಿನ ಬೆಂಕಿಯ ಕೆಲಸ ಬೇಡ.

ಆಲೆಮನೆ ಲೇತು, ಮಂಡ್ಯ
ಸೋಮವಾರ, ಬೆಳಗ್ಗೆ 6:15

ಹಳಬರು ಹೇಳಿದ್ದಕ್ಕೆ ನನ್ನದೂ ಒಂದು ಸಹಿ. ನನಗೆ ಮಂಡ್ಯದಲ್ಲಿ ಸಣ್ಣ ಲೇತ್ ಅಂಗಡಿ ಇದೆ. ಕಬ್ಬು ಅರೆಯುವ ಕಾಲದಲ್ಲಿ ನಮ್ಮ ಕಡೆಯ ಆಲೆಮನೆಗಳಿಂದ ದಿನಕ್ಕೊಂದಾದರೂ ಗಾಣ ಬರುತ್ತದೆ. ಕಬ್ಬಿನ ಹಾಲಿನ ಹುಳಿಗೆ ಹಿಡಿದ ತುಕ್ಕು ಎಂಥದ್ದೆಂದರೆ ಬೋಲ್ಟು ಯಾವುದು, ಬೀಡು ಕಬ್ಬಿಣ ಯಾವುದು ಎಂದು ಗೊತ್ತಾಗುವುದಿಲ್ಲ. ಮುರಿದ ಬೋಲ್ಟು ತೆಗೆಯುವುದೇ ನನ್ನ ಅರ್ಧ ಜೀವನ.

ಈಜಿ ಔಟ್ ಮಾತ್ರ ಬೇಡ. ಹೆಸರಿನಲ್ಲಿ ಮಾತ್ರ ಅದು ಸುಲಭ. ಯೋಚಿಸಿ: 8 ಮಿ.ಮೀ. ದಪ್ಪದ ಇಡೀ ಸ್ಟಡ್ ತಿರುಗಲಾರದೆ ಮುರಿದಿದೆ. ಅದರ ಹೊಟ್ಟೆಯಲ್ಲಿ ತೂತು ಕೊರೆದು, ಆ ತೂತಿಗೆ ಹೊಂದುವ ಪೆನ್ಸಿಲ್ ಮೊನೆಯಂಥ ಸಾಧನ ಹಾಕಿ ತಿರುಗಿಸಿದರೆ ಬರುತ್ತದೆಯೇ? ಮೇಲಾಗಿ ಅದು ಬೆಣೆಯ ಆಕಾರದಲ್ಲಿದೆ. ಬಿಗಿ ಮಾಡಿದಷ್ಟೂ ತುಂಡನ್ನು ಒಳಗಿನಿಂದ ಅಗಲಿಸಿ ತೂತಿನ ಮರೆಗಳಿಗೆ, ಅಂದರೆ ತಿರುಪಿನ ಸುತ್ತುಗಳಿಗೆ, ಇನ್ನೂ ಗಟ್ಟಿಯಾಗಿ ಒತ್ತುತ್ತದೆ. ಕೊನೆಗೆ ಅದೇ ಮುರಿಯುತ್ತದೆ. ಆಗ ನಿಮ್ಮ ಮುಂದೆ ಇರುವುದು ಮೆದು ಸ್ಟಡ್ ಅಲ್ಲ, ಸಾಮಾನ್ಯ ಡ್ರಿಲ್ ಬಿಟ್ ಕಚ್ಚದ ಗಟ್ಟಿ ಉಕ್ಕು. ಹೆಡ್ ಬಿಚ್ಚಿ, ಕಿಡಿಯಿಂದ ಲೋಹ ಕೊರೆಯುವ ಯಂತ್ರ ಇರುವ ಟೂಲ್ ರೂಮಿಗೆ ಹೊತ್ತುಕೊಂಡು ಹೋಗಬೇಕು. ಮೈಸೂರಿನವರಿಗೆ ಹೆಬ್ಬಾಳ ಕೈಗಾರಿಕಾ ಪ್ರದೇಶ ಹತ್ತಿರವಿದೆ ನಿಜ. ಆದರೆ ಎರಡು ಸ್ಟಡ್ಡಿಗೆ ಆ ಯಾತ್ರೆ ಏಕೆ?

6 ಮಿ.ಮೀ. ಹೊರಗಿರುವುದಕ್ಕೆ ನಟ್ಟು ಬೆಸುಗೆ ಹಾಕಿಸಿ. ಸಮವಾಗಿ ಮುರಿದದ್ದನ್ನು ಆಮೇಲೆ ನೋಡೋಣ.

ಹತ್ತರ ಸ್ಪ್ಯಾನರ್, ವಿಜಯನಗರ
ಸೋಮವಾರ, ಬೆಳಗ್ಗೆ 8:20

ಎಲ್ಲ ಈಜಿ ಔಟ್‌ಗಳೂ ಮುರಿಯುವುದಿಲ್ಲ. ತಲೆ ಮಾತ್ರ ಕಿತ್ತುಹೋದ, ಕೆಳಗೆ ತುಕ್ಕು ಹಿಡಿಯದ ಬೋಲ್ಟಿಗೆ ಅದು ಸರಿಯಾದ ಸಾಧನವೇ.

ಆಲೆಮನೆ ಲೇತು, ಮಂಡ್ಯ
ಸೋಮವಾರ, ಬೆಳಗ್ಗೆ 8:34

ಆ ಮಾತು ಒಪ್ಪುತ್ತೇನೆ. ಬಿಗಿ ಹೆಚ್ಚಾಗಿ ಮುರಿದದ್ದಕ್ಕೆ ಸರಿ. ತುಕ್ಕು ಕಚ್ಚಿ ಮುರಿದದ್ದಕ್ಕೆ ಅಲ್ಲ. ಸೈಲೆನ್ಸರ್ ಕಡೆಯ ಸ್ಟಡ್ ಎಂದರೆ ತುಕ್ಕೇ.

ಸರಸ್ವತಿಪುರಂ ಸವಾರಿ
ಸೋಮವಾರ, ಮಧ್ಯಾಹ್ನ 1:10

ನಾನು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವವಳು, ಬಿಸಿ ಏಕೆ ಕೆಲಸ ಮಾಡುತ್ತದೆ ಎಂದು ಹೇಳುತ್ತೇನೆ. ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಹೆಡ್ಡನ್ನೂ ಸ್ಟಡ್ಡನ್ನೂ 30 ಡಿಗ್ರಿಯಿಂದ 150 ಡಿಗ್ರಿಗೆ ಏರಿಸಿದರೆ 8 ಮಿ.ಮೀ. ತೂತು ಸ್ಟಡ್‌ಗಿಂತ ಹೆಚ್ಚು ಅಗಲವಾಗುವುದು ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು. ನಗಬೇಡಿ, ತುಕ್ಕಿನ ಹಿಡಿತ ಬಿಡಿಸಲು ಎಷ್ಟೋ ಸಲ ಅಷ್ಟೇ ಸಾಕು. ಆದ್ದರಿಂದ ಬಿಸಿ ಕೊಡಬೇಕಾದದ್ದು ಸ್ಟಡ್ಡಿನ ಸುತ್ತಲಿನ ಅಲ್ಯೂಮಿನಿಯಂಗೆ.

ಎಚ್ಚರಿಕೆ ಒಂದಿದೆ. ಕಬ್ಬಿಣ ಕಾದರೆ ಕೆಂಪಾಗಿ ನಮಗೆ ತಿಳಿಸುತ್ತದೆ. ಅಲ್ಯೂಮಿನಿಯಂ ತಿಳಿಸುವುದಿಲ್ಲ. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಹೆಡ್ಡಿನ ಮಿಶ್ರಲೋಹ ಅದಕ್ಕಿಂತಲೂ ಮೊದಲೇ. ಬಣ್ಣ ಬದಲಾಗದೆ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಬ್ಲೋ ಲ್ಯಾಂಪ್ ಬದಲು ಬಿಸಿಗಾಳಿಯ ಗನ್ ಬಳಸಿ. ನೀರಿನ ಹನಿ ಚಿಮುಕಿಸಿದರೆ ಚುಂಯ್ ಎಂದು ಕುಣಿದು ಆರಬೇಕು, ಅಷ್ಟು ಬಿಸಿ ಸಾಕು. ಆಮೇಲೆ ಸ್ಟಡ್ಡಿನ ಬುಡಕ್ಕೆ ಮೇಣದ ಬತ್ತಿ ಒತ್ತಿ ಹಿಡಿಯಿರಿ. ಮೇಣ ಕರಗಿ ಮರೆಗಳ ಸಂದಿಗೆ ತಾನಾಗಿ ಇಳಿಯುತ್ತದೆ.

ಮುರುಕು ಬೋಲ್ಟು, ಕುವೆಂಪುನಗರ
ಸೋಮವಾರ, ರಾತ್ರಿ 9:15

ಎಲ್ಲರಿಗೂ ಧನ್ಯವಾದ. ಎಣ್ಣೆ ಬಿಟ್ಟಿದ್ದೇನೆ, ತಟ್ಟಿದ್ದೇನೆ. ನೆರೆಮನೆಯ ಹಿರಿಯರೊಬ್ಬರು ಪಟಿಕದ ನೀರು ಹಾಕಿದರೆ ಉಕ್ಕು ಕರಗಿ ಅಲ್ಯೂಮಿನಿಯಂ ಹಾಗೇ ಉಳಿಯುತ್ತದೆ ಎಂದರು. ದೇವರಾಜ ಮಾರುಕಟ್ಟೆಯ ಗ್ರಂಥಿಗೆ ಅಂಗಡಿಯಿಂದ ಕಾಲು ಕೆ.ಜಿ. ತಂದೂ ಕೊಟ್ಟಿದ್ದಾರೆ. ಇದು ನಿಜವೇ?

ಸರಸ್ವತಿಪುರಂ ಸವಾರಿ
ಸೋಮವಾರ, ರಾತ್ರಿ 9:50

ನಿಜ. ಗಡಿಯಾರ ರಿಪೇರಿಯವರು ಹಿತ್ತಾಳೆಯಲ್ಲಿ ಮುರಿದ ಉಕ್ಕಿನ ತಿರುಪನ್ನು ಪಟಿಕದ ದ್ರಾವಣದಲ್ಲಿ ಕರಗಿಸುತ್ತಾರೆ. ಅಲ್ಯೂಮಿನಿಯಂನಲ್ಲೂ ನಡೆಯುತ್ತದೆ. ಆದರೆ ದ್ರಾವಣ ಗಾಢವಾಗಿರಬೇಕು, ಬಿಸಿಯಾಗಿಯೇ ಇರಬೇಕು, ವಸ್ತು ಅದರಲ್ಲಿ ಮುಳುಗಿರಬೇಕು. ಗಡಿಯಾರದ ತಿರುಪಿಗೇ ಗಂಟೆಗಟ್ಟಲೆ ಬೇಕು, ನಿಮ್ಮ ಸ್ಟಡ್ಡಿಗೆ ದಿನಗಳೇ ಆಗಬಹುದು. ಹೆಡ್ ಕಾರಿನ ಮೇಲೇ ಇದೆಯಲ್ಲ, ಹೇಗೆ ಮುಳುಗಿಸುತ್ತೀರಿ? ಬಿಚ್ಚಿ ಮುಳುಗಿಸಿದರೂ ಪಟಿಕಕ್ಕೆ ಯಾವುದು ಮುರಿದ ಸ್ಟಡ್, ಯಾವುದು ವಾಲ್ವಿನ ಸ್ಪ್ರಿಂಗ್ ಎಂಬ ಭೇದವಿಲ್ಲ. ಆ ಕಾಲು ಕೆ.ಜಿ. ಗಡ್ಡ ಕೆರೆದ ಮೇಲೆ ಬಳಸಿ.

ಮುರುಕು ಬೋಲ್ಟು, ಕುವೆಂಪುನಗರ
ಗುರುವಾರ, ಸಂಜೆ 7:30

ಒಂದು ಬಂತು!

ನಮ್ಮ ಬೀದಿಯ ಕೊನೆಯಲ್ಲಿ ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿ ಇದೆ. "ನಾನು ಗೇಟು ಬೆಸೆಯುವವನು, ಎಂಜಿನ್ ಮುಟ್ಟಿದವನಲ್ಲ" ಎಂದರು. ಹೆಗಲಿಗೆ ತೂಗುಹಾಕುವ ಸಣ್ಣ ಇನ್ವರ್ಟರ್ ಯಂತ್ರ ಹಿಡಿದುಕೊಂಡು ಬರುವಷ್ಟು ಒಪ್ಪಿಸಿದೆ. ಬ್ಯಾಟರಿಯ ಎರಡೂ ತಂತಿ ಬಿಚ್ಚಿದೆ, ಎಂಜಿನ್ನಿನ ಕಂಪ್ಯೂಟರ್ ಪೆಟ್ಟಿಗೆಯ ಸಾಕೆಟ್ಟೂ ಕಳಚಿದೆ. ಪೆಟ್ರೋಲ್ ಪೈಪಿನ ಮೇಲೆ ಒದ್ದೆ ಗೋಣಿ, ಪಕ್ಕದಲ್ಲಿ ಮರಳಿನ ಬಕೆಟ್. ಅರ್ತ್ ಕ್ಲಾಂಪನ್ನು ಎಂಜಿನ್ನಿಗೇ, ಕೆಲಸದ ಹತ್ತಿರದಲ್ಲೇ ಹಾಕಿದರು. ಬಾನೆಟ್ಟಿಗೆ ಹಾಕಿದರೆ ಕರೆಂಟು ಬೇರಿಂಗುಗಳ ಮೂಲಕ ದಾರಿ ಹುಡುಕುತ್ತದಂತೆ.

ಹೆಡ್ಡಿನ ಮೈ ಸುಡದಿರಲಿ ಎಂದು ಮೊದಲು ಒಂದು ವಾಷರ್ ತೊಡಿಸಿ, ಅದರ ಮೇಲೆ 10ರ ಬೋಲ್ಟಿನ ನಟ್ಟನ್ನು ಸ್ಟಡ್ಡಿನ ಸುತ್ತ ಸಡಿಲವಾಗಿ ಕೂರಿಸಿದರು. ನಟ್ಟಿನ ಒಳಗೆ ರಾಡ್ ಇಳಿಸಿ ತುಂಬಿದರು. ಮೊದಲ ನಟ್ಟು ತಿರುಗಿಸಿದ ಕೂಡಲೇ ಕಿತ್ತು ಬಂತು. ಎರಡನೆಯದೂ ಹಾಗೆಯೇ. ಮೂರನೆಯದರ ಮೊದಲು ಅವರು ಸ್ಟಡ್ಡಿನ ತುದಿಯನ್ನು ಹೊಳೆಯುವ ತನಕ ಅರದಿಂದ ಉಜ್ಜಿದರು. ನಾನು ಬಿಟ್ಟಿದ್ದ ಎಣ್ಣೆಯೇ ಬೆಸುಗೆಗೆ ಅಡ್ಡವಾಗಿತ್ತು. ಈ ಸಲ ಕೆಂಪು ಆರಿ ಕಪ್ಪಾಗುವ ತನಕ ಕಾದೆವು, ಬುಡಕ್ಕೆ ಮೇಣ ಮುಟ್ಟಿಸಿದೆವು. 17ರ ಸ್ಪ್ಯಾನರ್ ಹಾಕಿ ಮೊದಲು ಬಿಗಿ ಮಾಡುವ ದಿಕ್ಕಿಗೆ ಒಂದು ಕೂದಲಿನಷ್ಟು, ಆಮೇಲೆ ಬಿಚ್ಚುವ ದಿಕ್ಕಿಗೆ. ಕಿರ್ರ್ ಎಂದಿತು. ಹಳಬರೇ, ಆ ಸದ್ದು ಇಷ್ಟು ಹಿತವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಸಮವಾಗಿ ಮುರಿದದ್ದಕ್ಕೂ ಒಮ್ಮೆ ಪ್ರಯತ್ನಿಸಿದರು. ನಿಲ್ಲಲಿಲ್ಲ, ತೂತಿನ ಅಂಚಿನಲ್ಲಿ ಅಲ್ಯೂಮಿನಿಯಂ ಸ್ವಲ್ಪ ಮಿನುಗಿದಂತೆ ಕಂಡಿತು. "ಇನ್ನು ಬೇಡ ಸ್ವಾಮಿ" ಎಂದು ಅವರೇ ಯಂತ್ರ ಆರಿಸಿದರು. ಅವರ ವಿವೇಕಕ್ಕೆ ಕೈಮುಗಿದೆ.

ನಂಜನಗೂಡು ರಸ್ತೆ
ಗುರುವಾರ, ರಾತ್ರಿ 8:02

ಒಪ್ಪಿದೆ. ಗ್ಯಾರೇಜಿನಲ್ಲೂ ಇದನ್ನೇ ಮಾಡುತ್ತಿದ್ದರು, ಅರ ಹಿಡಿಯುವ ತಾಳ್ಮೆ ಇರುತ್ತಿರಲಿಲ್ಲ.

ಆಲೆಮನೆ ಲೇತು, ಮಂಡ್ಯ
ಗುರುವಾರ, ರಾತ್ರಿ 8:40

ಈಗ ಎರಡನೆಯದಕ್ಕೆ ಕೊರೆಯಲೇ ಬೇಕು. ಇಲ್ಲಿ ಒಂದೇ ಪ್ರಶ್ನೆ: ನಡು ಎಲ್ಲಿದೆ? ಮುರಿದ ತುಂಡಿನ ಮುಖ ಬೆಟ್ಟ ಗುಡ್ಡದಂತಿರುತ್ತದೆ. ಪಂಚ್ ಇಟ್ಟರೆ ಜಾರುತ್ತದೆ, ಡ್ರಿಲ್ ಇಟ್ಟರೆ ಮೆದು ಅಲ್ಯೂಮಿನಿಯಂ ಕಡೆಗೆ ಓಡುತ್ತದೆ. ಕೈ ಡ್ರಿಲ್ಲಿನಲ್ಲಿ ಕಣ್ಣಂದಾಜಿನಿಂದ ನಡು ಹಿಡಿಯುತ್ತೇನೆ ಎನ್ನುವವರು ಹೆಡ್ ಮಾರುವವರ ಬಂಧುಗಳು.

ನಿಮ್ಮ ಮ್ಯಾನಿಫೋಲ್ಡನ್ನೇ ಜಿಗ್ (ಬಿಟ್ಟಿಗೆ ದಾರಿ ತೋರಿಸುವ ಚೌಕಟ್ಟು) ಮಾಡಿಕೊಳ್ಳಿ. ಅದರ ತೂತಿನ ಅಳತೆಯನ್ನು ವರ್ನಿಯರ್ ಹಿಡಿದು ತಿಳಿಸಿ. ಹೊರಗೆ ಆ ಅಳತೆ, ಒಳಗೆ 4 ಮಿ.ಮೀ. ತೂತು ಇರುವ ಉಕ್ಕಿನ ಬುಷ್ ಒಂದನ್ನು ನಾನು ಲೇತಿನಲ್ಲಿ ಕಡೆದು ಕೊಡುತ್ತೇನೆ. ಮ್ಯಾನಿಫೋಲ್ಡನ್ನು ಉಳಿದ ಸ್ಟಡ್‌ಗಳ ಮೇಲೆ ವಾಪಸ್ ಕೂರಿಸಿ, ಬುಷ್ ತೂರಿಸಿ, ಅದರ ಮೂಲಕ ಕೊರೆದರೆ ಬಿಟ್ ಎತ್ತಲೂ ಓಡುವಂತಿಲ್ಲ.

ಯಾದವಗಿರಿ ಹಳಬ
ಗುರುವಾರ, ರಾತ್ರಿ 9:05

ಒಳ್ಳೆಯ ಉಪಾಯ, ಆದರೆ ಒಂದು ಮಾತು ಸೇರಿಸುತ್ತೇನೆ. ಮ್ಯಾನಿಫೋಲ್ಡಿನ ತೂತುಗಳು ಸ್ಟಡ್‌ಗಿಂತ ದೊಡ್ಡವು, ಬಿಸಿಗೆ ಹಿಗ್ಗಲು ಬಿಟ್ಟ ಜಾಗ ಅದು. ಹಾಗೇ ಕೂರಿಸಿದರೆ ಅರ್ಧ ಮಿಲಿಮೀಟರ್ ಅತ್ತಿತ್ತ ಸರಿದಿರುತ್ತದೆ, ಬುಷ್ ಮಾಡಿದ್ದೇ ವ್ಯರ್ಥ. ಅಕ್ಕಪಕ್ಕದ ಒಳ್ಳೆಯ ಸ್ಟಡ್‌ಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ ತೂತಿನ ತುಂಬ ಬಿಗಿಯಾಗುವಂತೆ ಮಾಡಿ, ಆಮೇಲೆ ನಟ್ಟು ಹಾಕಿ. ಹೆಡ್ಡಿನ ಎಕ್ಸಾಸ್ಟ್ ಬಾಯಿಗಳಿಗೆ ಬಟ್ಟೆ ತುರುಕುವುದನ್ನು ಮರೆಯಬೇಡಿ, ಕೊರೆದ ಚೂರು ಒಳಗೆ ಹೋದರೆ ಬೇರೆಯದೇ ಕಥೆ.

ಆಳವನ್ನೂ ನೋಡಿಕೊಳ್ಳಿ. ಕೆಲವು ಹೆಡ್‌ಗಳಲ್ಲಿ ಸ್ಟಡ್ಡಿನ ತೂತಿನ ಹಿಂದೆಯೇ ನೀರಿನ ಜಾಗ ಇರುತ್ತದೆ. ಹೊರಬಂದ ಮೊದಲ ತುಂಡು ನಿಮ್ಮ ಕೈಯಲ್ಲೇ ಇದೆಯಲ್ಲ, ಅದು ಹೆಡ್ಡಿನೊಳಗೆ ಎಷ್ಟು ಇತ್ತು ಎಂದು ಅಳೆಯಿರಿ. ಇದು ಅದರ ಅವಳಿ.

ಮುರುಕು ಬೋಲ್ಟು, ಕುವೆಂಪುನಗರ
ಗುರುವಾರ, ರಾತ್ರಿ 9:40

ಒಳಗಿದ್ದದ್ದು 14 ಮಿ.ಮೀ. ಮ್ಯಾನಿಫೋಲ್ಡಿನ ತೂತು 9.1. ಲೇತಿನವರೇ, ಶನಿವಾರ ನಾನೇ ಮಂಡ್ಯಕ್ಕೆ ಬರುತ್ತೇನೆ. ರೈಲಿನಲ್ಲಿ, ಬೇರೆ ದಾರಿಯಿಲ್ಲ.

ಮುರುಕು ಬೋಲ್ಟು, ಕುವೆಂಪುನಗರ
ಭಾನುವಾರ, ಮಧ್ಯಾಹ್ನ 3:20

ಬುಷ್ ಸಿಕ್ಕಿತು. ಹಣ ಬೇಡ ಎಂದರು, ಒಂದು ಅಚ್ಚು ಬೆಲ್ಲವನ್ನೂ ಕೊಟ್ಟು ಕಳುಹಿಸಿದರು. ಇಂಥ ಕಾಲದಲ್ಲೂ ಇಂಥವರು ಇದ್ದಾರೆ.

ಕೆಲಸದ ವಿವರ ಬರೆಯುತ್ತೇನೆ. 4 ಮಿ.ಮೀ. ಬಿಟ್ಟಿಗೆ ಬುಷ್ಷಿನ ಉದ್ದ ಮತ್ತು 14 ಮಿ.ಮೀ. ಸೇರಿಸಿ ಅಳೆದು ಕೆಂಪು ಟೇಪ್ ಸುತ್ತಿದೆ. ಡ್ರಿಲ್ ನಿಧಾನದ ವೇಗದಲ್ಲಿ, ಪ್ರತಿ ಹತ್ತು ಸೆಕೆಂಡಿಗೆ ಒಮ್ಮೆ ಹೊರಗೆಳೆದು ಒಂದು ಹನಿ ಎಣ್ಣೆ. ಮೊದಲು ಪುಡಿ ಬಂತು, ಆಮೇಲೆ ನೀಲಿ ಛಾಯೆಯ ಸುರುಳಿ. ಉಕ್ಕಿನ ಸುರುಳಿ ಆಯಸ್ಕಾಂತಕ್ಕೆ ಅಂಟುತ್ತದೆ, ಅಲ್ಯೂಮಿನಿಯಂ ಅಂಟುವುದಿಲ್ಲ. ಹೊರಬಂದ ಪ್ರತಿ ಚಿಟಿಕೆಯನ್ನೂ ಹಳೆಯ ಸ್ಪೀಕರಿನ ಆಯಸ್ಕಾಂತಕ್ಕೆ ಹಿಡಿದು ನೋಡಿದೆ. ಎಲ್ಲವೂ ಅಂಟಿತು. ನಡುವಿನಲ್ಲೇ ಇದ್ದೇನೆ ಎಂದು ಧೈರ್ಯ ಬಂತು.

ಮ್ಯಾನಿಫೋಲ್ಡ್ ತೆಗೆದು 5 ಮಿ.ಮೀ. ಎಡಸುತ್ತಿನ ಬಿಟ್ ಹಾಕಿದೆ. ಅದು ಬಿಚ್ಚುವ ದಿಕ್ಕಿಗೇ ಕೊರೆಯುವುದರಿಂದ ಕೆಲವು ಸಲ ತುಂಡು ತಾನಾಗಿ ತಿರುಗಿ ಹೊರಬರುತ್ತದೆ ಎಂದು ಓದಿದ್ದೆ. ನನ್ನದು ಬರಲಿಲ್ಲ. ಆಮೇಲೆ 6 ಮಿ.ಮೀ., ಕೊನೆಗೆ 6.5. ಈಗ ಉಳಿದಿರುವುದು ಈರುಳ್ಳಿ ಸಿಪ್ಪೆಯಂಥ ಗೋಡೆ. ಒಂದು ಬದಿಯಲ್ಲಿ ಮರೆಯ ತುದಿಗಳು ಹೊಳೆಯುತ್ತಿವೆ, ಇನ್ನೊಂದು ಬದಿ ಸ್ವಲ್ಪ ದಪ್ಪ ಇದೆ. ಮುಂದೆ?

ಆಲೆಮನೆ ಲೇತು, ಮಂಡ್ಯ
ಭಾನುವಾರ, ಮಧ್ಯಾಹ್ನ 3:41

ನಿಲ್ಲಿಸಿ, ಇನ್ನು ಕೊರೆಯಬೇಡಿ. 8ರ ಬೋಲ್ಟಿನ ಮರೆಗೆ ಟ್ಯಾಪ್ (ಮರೆ ಕೊರೆಯುವ ಸಾಧನ) ಹಾಕುವ ತೂತು 6.8. ಅದನ್ನು ದಾಟಿದರೆ ಹೆಡ್ಡಿನ ಮರೆ ಕತ್ತರಿಸಿ ಹೋಗುತ್ತದೆ. ಹಳೆಯ ಗೋಣಿ ಸೂಜಿ ಅಥವಾ ಮೊನಚು ಉಳಿಯಿಂದ, ತೆಳುವಾದ ಬದಿಯ ಮೊದಲ ಸುತ್ತನ್ನು ಒಳಗಡೆಗೆ ಮಡಚಿ. ಅದು ಎದ್ದರೆ ಇಕ್ಕಳದಲ್ಲಿ ಹಿಡಿದು ಸುತ್ತಿ ಎಳೆಯಿರಿ.

ಹತ್ತರ ಸ್ಪ್ಯಾನರ್, ವಿಜಯನಗರ
ಭಾನುವಾರ, ಮಧ್ಯಾಹ್ನ 3:55

ಈಗ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ನನ್ನ ಸ್ಕೂಟರಿನ ಹೆಡ್ಡಿನಲ್ಲಿ ಈಜಿ ಔಟ್ ಮುರಿದಿತ್ತು. ಹೆಡ್ಡೇ ಬದಲಿಸಿದೆ. ಹತ್ತು ನಿಮಿಷದ ಕೆಲಸ ಎಂದದ್ದು ಮುರಿಯಲು ಹಿಡಿದ ಸಮಯ.

ಮುರುಕು ಬೋಲ್ಟು, ಕುವೆಂಪುನಗರ
ಭಾನುವಾರ, ಸಂಜೆ 6:10

ಬಂತು. ಎರಡು ಗಂಟೆ ಹಿಡಿಯಿತು. ಮೊದಲ ಸುತ್ತು ತುಂಡು ತುಂಡಾಗಿ ಉದುರಿತು. ಆಮೇಲೆ ಒಂದು ತುದಿ ಇಕ್ಕಳಕ್ಕೆ ಸಿಕ್ಕಿ, ಒಡೆದ ಕೋಡುಬಳೆಯಂತೆ ಡೊಂಕಾಗಿ ಎರಡೂವರೆ ಸುತ್ತು ಒಟ್ಟಿಗೇ ಬಂತು. ಉಳಿದದ್ದನ್ನು 8ರ, 1.25 ಪಿಚ್ ಟ್ಯಾಪ್ ಹಾಕಿ ಕೈಯಿಂದಲೇ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂದು ಶುಚಿ ಮಾಡಿದೆ. ಬಾಯಿಯ ಹತ್ತಿರ ಎರಡು ಮರೆಗಳು ಗಾಯವಾಗಿವೆ, ಒಳಗಿನವು ಚೆನ್ನಾಗಿವೆ. ಹೆಲಿಕಾಯಿಲ್ (ಹಾಳಾದ ಮರೆಯ ಜಾಗಕ್ಕೆ ಕೂರಿಸುವ ತಂತಿ ಸುರುಳಿ) ಹಾಕಬೇಕೇ?

ಯಾದವಗಿರಿ ಹಳಬ
ಭಾನುವಾರ, ಸಂಜೆ 6:45

ಬೇಡ. ಹೊಸ ಸ್ಟಡ್ ಕೈಯಲ್ಲಿ ಕೊನೆಯ ತನಕ ಇಳಿದು, ಆಡದೆ ನಿಂತರೆ ಸಾಕು. ಮುಂದೆ ಎಂದಾದರೂ ಮರೆ ಕಿತ್ತುಬಂದರೆ ಆಗ ಹೆಲಿಕಾಯಿಲ್ ಇದ್ದೇ ಇದೆ. ನಟ್ಟು ಮಾತ್ರ ಹಿತ್ತಾಳೆಯದು ಅಥವಾ ತಾಮ್ರ ಲೇಪಿಸಿದ್ದು ಕೊಳ್ಳಿ, ಉಕ್ಕಿಗೆ ಕಚ್ಚಿ ತುಕ್ಕು ಹಿಡಿಯುವುದಿಲ್ಲ. ಬಿಗಿ ಮಾಡುವಾಗ ನಡುವಿನಿಂದ ಹೊರಕ್ಕೆ ಸಾಗಿ, ಎರಡು ಹಂತದಲ್ಲಿ. ನಿಮ್ಮ ಕಾರಿನ ಕೈಪಿಡಿಯ ಅಂಕಿಯೇ ಕೊನೆಯ ಮಾತು. ಸಾಮಾನ್ಯವಾಗಿ 8ರ ಸ್ಟಡ್‌ಗೆ 20ರಿಂದ 25 ನ್ಯೂಟನ್ ಮೀಟರ್. ಪೈಪು ಅಟ್ಟಕ್ಕೆ ಹಾಕಿ.

ಮುರುಕು ಬೋಲ್ಟು, ಕುವೆಂಪುನಗರ
ಬುಧವಾರ, ಬೆಳಗ್ಗೆ 7:05

ಹಿತ್ತಾಳೆ ನಟ್ಟು, ಹೊಸ ಗ್ಯಾಸ್ಕೆಟ್. ಇವತ್ತು ಬೆಳಗಿನ ತಣ್ಣನೆಯ ಎಂಜಿನ್ ಚಾಲೂ ಮಾಡಿ ಬಾನೆಟ್ ಮೇಲೆ ಕಿವಿಯಿಟ್ಟೆ. ಟಿಕ್ ಟಿಕ್ ಇಲ್ಲ. ಆಯುಧ ಪೂಜೆಗೆ ಇನ್ನೂ ಮೂರು ದಿನ ಕೈಯಲ್ಲಿದೆ. ಪೈಪು ಅಟ್ಟದಲ್ಲಿದೆ.

ಸರಸ್ವತಿಪುರಂ ಸವಾರಿ
ಬುಧವಾರ, ಬೆಳಗ್ಗೆ 9:30

ಬಿಸಿಯಾಗಿ ತಣ್ಣಗಾದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಿ, ಹೊಸ ಗ್ಯಾಸ್ಕೆಟ್ ಸ್ವಲ್ಪ ಕೂರುತ್ತದೆ.

ಆಲೆಮನೆ ಲೇತು, ಮಂಡ್ಯ
ಬುಧವಾರ, ಮಧ್ಯಾಹ್ನ 12:15

ಆ ಬುಷ್ ಬಿಸಾಡಬೇಡಿ. ಶ್ರೀರಂಗಪಟ್ಟಣದಿಂದ ಒಬ್ಬರು ಫೋನ್ ಮಾಡಿದ್ದರು, ಅದೇ ಕಾರು, ಅದೇ ಸ್ಟಡ್, ಎರಡಲ್ಲ ಮೂರು. ಮೂರನೆಯದರಲ್ಲಿ ಈಜಿ ಔಟ್ ಕೂಡ ಇದೆ.